ಪರದೇಶದಲ್ಲಿ ಆಪತ್ತು ಬಂದರೆ ಯಾವ ನಂಬರು ಒತ್ತಬೇಕು?

ಪ್ರವಾಸಕ್ಕೆ ಹೊರಡುವ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಈ ಬಾರಿ ತುರ್ತು ಕರೆಗೆ ಸಂಬಂಧಿಸಿದವನ್ನೇ ಆರಿಸಿಕೊಂಡಿದ್ದೇವೆ. ಒಂದೇ ಬಗೆಯ ಪತ್ರಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಯಾವ ದೇಶಕ್ಕೆ ಹೋದರೂ 112 ಒತ್ತಿದರೆ ಸಾಕು, ಸಿಗ್ನಲ್ ಇಲ್ಲದಿದ್ದರೂ ಕರೆ ಹೋಗುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ನಂಬಬಹುದೇ?

ಉತ್ತರ: ಅರ್ಧ ನಿಜ. ಉಳಿದರ್ಧವನ್ನು ನಂಬಿದರೆ ಅಪಾಯ.

ಮೊಬೈಲ್ ಫೋನುಗಳ ತಾಂತ್ರಿಕ ಮಾನದಂಡದಲ್ಲೇ 112 ಮತ್ತು 911 ತುರ್ತು ಸಂಖ್ಯೆಗಳೆಂದು ನಮೂದಾಗಿವೆ. ಇವೆರಡರಲ್ಲಿ ಯಾವುದನ್ನು ಒತ್ತಿದರೂ ಫೋನು ಅದನ್ನು ಮಾಮೂಲಿ ಕರೆಯಂತೆ ಕಾಣುವುದಿಲ್ಲ. ನಿಮ್ಮ ಕಂಪನಿಯ ಟವರ್ ಸಿಗದಿದ್ದರೆ ಹತ್ತಿರದಲ್ಲಿರುವ ಬೇರೆ ಕಂಪನಿಯ ಟವರ್ ಹಿಡಿದು ಕರೆ ಕಳಿಸಲು ನೋಡುತ್ತದೆ. ಆ ಸಂದೇಶದ ತಪ್ಪು ಹುಟ್ಟಿದ್ದು ಇಲ್ಲೇ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಾಗಲೂ ಕರೆ ಹೋಗಬಹುದು ಎಂಬುದನ್ನು ‘ಸಿಗ್ನಲ್ಲೇ ಇಲ್ಲದಿದ್ದರೂ ಹೋಗುತ್ತದೆ’ ಎಂದು ಹಿಗ್ಗಿಸಿದ್ದಾರೆ. ಯಾರ ಟವರೂ ಇಲ್ಲದ ಕಣಿವೆಯಲ್ಲಿ 112 ಒತ್ತಿದರೂ ಫೋನು ಮೂಕವೇ. ಅದು ಉಪಗ್ರಹಕ್ಕೆ ಹೋಗುವ ಸಂಖ್ಯೆಯಲ್ಲ.

ಕರೆ ಹೋಯಿತು ಎಂದಿಟ್ಟುಕೊಳ್ಳಿ, ಯಾರು ಎತ್ತುತ್ತಾರೆ ಎಂಬುದು ಮುಂದಿನ ಪ್ರಶ್ನೆ. ಬಹಳ ಸಲ ಫೋನು ನೀವು ಒತ್ತಿದ ಅಂಕಿಗಳನ್ನೇ ಕಳಿಸುವುದಿಲ್ಲ, ‘ಇದು ತುರ್ತು ಕರೆ’ ಎಂಬ ಗುರುತನ್ನಷ್ಟೇ ಕಳಿಸುತ್ತದೆ. ಅದನ್ನು ಎಲ್ಲಿಗೆ ತಿರುಗಿಸಬೇಕೆಂದು ಆ ದೇಶದ ನೆಟ್‌ವರ್ಕ್ ನಿರ್ಧರಿಸುತ್ತದೆ. ಯುರೋಪಿನಲ್ಲಿ 112 ಅನ್ನು ಎಲ್ಲೆಡೆ ತರುವ ತೀರ್ಮಾನವಾದದ್ದು 1991ರಲ್ಲಿ. ಇಂದು ಐರೋಪ್ಯ ಒಕ್ಕೂಟದ ಯಾವ ದೇಶದಲ್ಲಿದ್ದರೂ ಅದು ಸಲ್ಲುತ್ತದೆ. ಸ್ವೀಡನ್, ಫಿನ್‌ಲೆಂಡ್, ನೆದರ್‌ಲೆಂಡ್ಸ್‌ಗಳಲ್ಲಿ ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಮೂರಕ್ಕೂ ಅದೇ. ಒಕ್ಕೂಟದ ಹೊರಗಿದ್ದರೂ ಟರ್ಕಿಯಲ್ಲಿ ಮೂರಕ್ಕೂ 112, ಬ್ರಿಟನ್‌ನಲ್ಲಿ 112 ಒತ್ತಿದರೂ 999 ಒತ್ತಿದರೂ ಒಂದೇ ಕಡೆ ಸೇರುತ್ತದೆ.

ಜರ್ಮನಿಯಲ್ಲಿ ಮಾತ್ರ 112 ಅಗ್ನಿಶಾಮಕ ಮತ್ತು ಆಂಬುಲೆನ್ಸ್‌ನದು, ಪೊಲೀಸರಿಗೆ 110. ನಾರ್ವೆಯಲ್ಲಿ 112 ಪೊಲೀಸರದು, ಆಂಬುಲೆನ್ಸ್‌ಗೆ 113. ದಕ್ಷಿಣ ಕೊರಿಯಾದಲ್ಲೂ 112 ಎಂದರೆ ಪೊಲೀಸ್, ಎದೆನೋವು ಬಂದರೆ ಒತ್ತಬೇಕಾದ್ದು 119. ಭೂತಾನದಲ್ಲಿ 112 ಆಂಬುಲೆನ್ಸ್, 113 ಪೊಲೀಸ್. ಆಸ್ಟ್ರೇಲಿಯಾದಲ್ಲಿ ಮೊಬೈಲಿನಿಂದ 112 ಒತ್ತಿದರೆ ಅಲ್ಲಿನ 000ಕ್ಕೆ ತಿರುಗುತ್ತದೆ, ಸ್ಥಿರ ದೂರವಾಣಿಯಿಂದ ಒತ್ತಿದರೆ ಇಲ್ಲ.

ತಪ್ಪು ಇಲಾಖೆಯವರು ಎತ್ತಿಕೊಂಡರೂ ಬಹುಮಟ್ಟಿಗೆ ಸರಿಯಾದವರಿಗೆ ದಾಟಿಸುತ್ತಾರೆ, ನಿಜ. ಆದರೆ ಉಸಿರು ನಿಂತವರ ಪಾಲಿಗೆ ಆ ಒಂದೆರಡು ನಿಮಿಷ ಬಹಳ ದೊಡ್ಡದು. ಆದ್ದರಿಂದ ನಮ್ಮ ಸಲಹೆ ಇಷ್ಟು: ಹೋಗುವ ದೇಶದ ಸ್ವಂತ ಸಂಖ್ಯೆಯೇ ಮೊದಲ ಆಯ್ಕೆ. ಅದು ಗೊತ್ತಿಲ್ಲದಾಗ, ಮರೆತಾಗ, ಕೈಗೆ ಸಿಕ್ಕ ಮೊಬೈಲಿನಲ್ಲಿ 112.

ಪ್ರಶ್ನೆ: ಒಂದೇ ಪ್ರವಾಸದಲ್ಲಿ ಎರಡು ಮೂರು ದೇಶ ಸುತ್ತುತ್ತೇವೆ. ಎಲ್ಲ ದೇಶದ್ದೂ ಬಾಯಿಪಾಠ ಮಾಡಬೇಕೇ? ಹೆಚ್ಚುಕಡಿಮೆ ಎಲ್ಲವೂ ಒಂದೇ ಥರ ಕಾಣುತ್ತವಲ್ಲ?

ಉತ್ತರ: ಒಂದೇ ಥರ ಕಾಣುವುದೇ ತೊಂದರೆ. ಬಾಯಿಪಾಠ ಬೇಡ, ಬರೆದಿಡಿ.

ಸಂಯುಕ್ತ ಅರಬ್ ಎಮಿರೇಟ್ಸ್ ಮತ್ತು ಸೌದಿ ಅರೇಬಿಯಾ ಎರಡನ್ನೂ ಒಂದೇ ಸುತ್ತಿನಲ್ಲಿ ನೋಡಿ ಬರುವವರು ಬಹಳ. ಎರಡು ಕಡೆಯೂ 999 ಎಂದರೆ ಪೊಲೀಸ್. ಉಳಿದ ಎರಡು ಸಂಖ್ಯೆಗಳೂ ಎರಡು ಕಡೆ ಅವೇ, ಆದರೆ ಅದಲುಬದಲು. ಎಮಿರೇಟ್ಸ್‌ನಲ್ಲಿ 998 ಆಂಬುಲೆನ್ಸ್, 997 ಅಗ್ನಿಶಾಮಕ. ಸೌದಿಯಲ್ಲಿ 997 ರೆಡ್ ಕ್ರೆಸೆಂಟ್ ಆಂಬುಲೆನ್ಸ್, 998 ಅಗ್ನಿಶಾಮಕ. ದುಬೈನಲ್ಲಿ ಕಲಿತ ಸಂಖ್ಯೆಯನ್ನು ಗಡಿ ದಾಟಿ ಒತ್ತಿದರೆ ರೋಗಿಯ ಬಾಗಿಲಿಗೆ ನೀರಿನ ಲಾರಿ ಕರೆದಂತಾಗುತ್ತದೆ. ಇದರ ಜೊತೆಗೆ ಮೆಕ್ಕಾ, ರಿಯಾದ್ ಮತ್ತು ಪೂರ್ವ ಪ್ರಾಂತ್ಯಗಳಲ್ಲಿ ಎಲ್ಲಕ್ಕೂ ಸೇರಿ 911 ಇದೆ. ನೆರೆಯ ಒಮಾನ್‌ನದು ನಾಲ್ಕು ಅಂಕಿ, 9999. ಕುವೈತ್‌ನದು 112. ಕತಾರ್ ಮತ್ತು ಬಹ್ರೇನ್‌ನದು 999.

119ರ ಕಥೆ ಇನ್ನೂ ವಿಚಿತ್ರ. ಜಪಾನ್, ದಕ್ಷಿಣ ಕೊರಿಯಾ, ತೈವಾನ್‌ಗಳಲ್ಲಿ ಅದು ಬೆಂಕಿಗೂ ಆಂಬುಲೆನ್ಸ್‌ಗೂ. ಚೀನಾದಲ್ಲಿ ಬೆಂಕಿಗೆ ಮಾತ್ರ, ಆಂಬುಲೆನ್ಸ್‌ಗೆ 120. ಶ್ರೀಲಂಕಾ ಮತ್ತು ಮಾಲ್ಡೀವ್ಸ್‌ನಲ್ಲಿ 119 ಪೊಲೀಸರದು. ಶ್ರೀಲಂಕಾದ ಆಂಬುಲೆನ್ಸ್ 1990, ಮಾಲ್ಡೀವ್ಸ್‌ನದು 102. ಹಾಗೆಯೇ 110 ಎಂದರೆ ಜಪಾನ್, ಚೀನಾ, ಜರ್ಮನಿಗಳಲ್ಲಿ ಪೊಲೀಸ್, ಶ್ರೀಲಂಕಾ ಮತ್ತು ನಾರ್ವೆಯಲ್ಲಿ ಅಗ್ನಿಶಾಮಕ. 118 ಇಟಲಿಯಲ್ಲಿ ಆಂಬುಲೆನ್ಸ್, ಸ್ವಿಟ್ಜರ್ಲೆಂಡ್‌ನಲ್ಲಿ ಅಗ್ನಿಶಾಮಕ, ಜಪಾನಿನಲ್ಲಿ ಕರಾವಳಿ ಕಾವಲು ಪಡೆ. ನ್ಯೂಜಿಲೆಂಡ್‌ನಲ್ಲಿ 111 ಎಲ್ಲ ಆಪತ್ತಿಗೂ ಮೀಸಲು. ಅದೇ 111 ಬ್ರಿಟನ್‌ನಲ್ಲಿ ‘ಜ್ವರ ಇಳಿಯುತ್ತಿಲ್ಲ, ಏನು ಮಾಡಲಿ’ ಎಂದು ಕೇಳುವ ಆರೋಗ್ಯ ಸಲಹೆಯ ಸಂಖ್ಯೆ.

ಇನ್ನು ಕೆಲವು ದೇಶದವು: ಅಮೆರಿಕ, ಕೆನಡಾ, ಮೆಕ್ಸಿಕೊ 911. ಸಿಂಗಪುರದಲ್ಲಿ ಪೊಲೀಸ್ 999, ಆಂಬುಲೆನ್ಸ್ ಮತ್ತು ಅಗ್ನಿಶಾಮಕ 995. ಮಲೇಷ್ಯಾ 999. ಥಾಯ್ಲೆಂಡ್‌ನಲ್ಲಿ ಪೊಲೀಸ್ 191, ಆಂಬುಲೆನ್ಸ್ 1669, ಬೆಂಕಿ 199. ವಿಯೆಟ್ನಾಂನಲ್ಲಿ ಸಾಲಾಗಿ 113 ಪೊಲೀಸ್, 114 ಬೆಂಕಿ, 115 ಆಂಬುಲೆನ್ಸ್. ನೇಪಾಳದಲ್ಲಿ ಪೊಲೀಸ್ 100, ಬೆಂಕಿ 101, ಆಂಬುಲೆನ್ಸ್ 102. ಫ್ರಾನ್ಸ್‌ನಲ್ಲಿ 112ರ ಜೊತೆಗೆ ಆಂಬುಲೆನ್ಸ್‌ಗೆ 15, ಪೊಲೀಸರಿಗೆ 17, ಅಗ್ನಿಶಾಮಕಕ್ಕೆ 18. ಬ್ರೆಜಿಲ್‌ನಲ್ಲಿ ಪೊಲೀಸ್ 190, ಆಂಬುಲೆನ್ಸ್ 192, ಬೆಂಕಿ 193. ದಕ್ಷಿಣ ಆಫ್ರಿಕಾದಲ್ಲಿ ಪೊಲೀಸ್ 10111, ಆಂಬುಲೆನ್ಸ್ 10177, ಮೊಬೈಲಿನಿಂದ 112.

ಒಂದು ದೇಶಕ್ಕೆ ಒಂದು ಚೀಟಿ ಮಾಡಿ. ಮೇಲೆ ದೇಶದ ಹೆಸರು, ಕೆಳಗೆ ದಪ್ಪಕ್ಷರದಲ್ಲಿ ಆಂಬುಲೆನ್ಸ್, ಪೊಲೀಸ್, ಬೆಂಕಿ, ಇದೇ ಅನುಕ್ರಮದಲ್ಲಿ. ಅದರ ಕೆಳಗೆ ನೀವು ತಂಗುವ ಜಾಗದ ವಿಳಾಸ, ಆ ದೇಶದ ಲಿಪಿಯಲ್ಲೂ ಇಂಗ್ಲಿಷಿನಲ್ಲೂ. ಹಿಂಬದಿಯಲ್ಲಿ ನಿಮ್ಮ ರಕ್ತದ ಗುಂಪು, ಆಗದ ಔಷಧ, ದಿನವೂ ನುಂಗುವ ಮಾತ್ರೆಗಳ ಹೆಸರು. ಚೀಟಿ ಫೋನಿನ ಕವರ್ ಒಳಗಿರಲಿ, ಇನ್ನೊಂದು ಪ್ರತಿ ಜೊತೆಗಾರರ ಬಳಿ ಇರಲಿ. ಫೋನಿನಲ್ಲೇ ಉಳಿಸಿಕೊಂಡರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಬಿದ್ದವರು ನೀವೇ ಆಗಿದ್ದರೆ ನಿಮ್ಮ ಫೋನಿನ ಲಾಕ್ ತೆಗೆಯುವವರು ಯಾರು?

ಸಂಖ್ಯೆಗಳನ್ನು ಹಳೆಯ ಪ್ರವಾಸ ಪುಸ್ತಕದಿಂದ ಬರೆದುಕೊಳ್ಳಬೇಡಿ. ಮೆಕ್ಸಿಕೊದಲ್ಲಿ ಹಿಂದೆ 066 ಇತ್ತು, 2017ರಲ್ಲಿ ದೇಶವಿಡೀ 911 ಆಯಿತು. ಹೊರಡುವ ವಾರದಲ್ಲಿ ಆ ದೇಶದ ಪೊಲೀಸ್ ಅಥವಾ ಆರೋಗ್ಯ ಇಲಾಖೆಯ ಜಾಲತಾಣದಲ್ಲಿ ಒಮ್ಮೆ ತಾಳೆ ನೋಡಿ. ಸರಿಯೇ ಎಂದು ಪರೀಕ್ಷಿಸಲು ಕರೆ ಮಾತ್ರ ಮಾಡಬೇಡಿ.

ಪ್ರಶ್ನೆ: ಫೋನಿನ ಪಕ್ಕದ ಗುಂಡಿ ಒತ್ತಿದರೆ ತಾನೇ ಸ್ಥಳೀಯ ಸಂಖ್ಯೆಗೆ ಕರೆ ಹೋಗುತ್ತದಂತೆ. ಹಾಗಿದ್ದ ಮೇಲೆ ಚೀಟಿ ಯಾಕೆ?

ಉತ್ತರ: ಒಳ್ಳೆಯ ಸೌಲಭ್ಯ, ಖಂಡಿತ ಬಳಸಿ. ಐಫೋನಿನಲ್ಲಿ ಪಕ್ಕದ ಗುಂಡಿ ಮತ್ತು ಧ್ವನಿಯ ಗುಂಡಿಯನ್ನು ಒಟ್ಟಿಗೆ ಒತ್ತಿ ಹಿಡಿದರೆ ಎಸ್‌ಒಎಸ್ ಪಟ್ಟಿ ಬರುತ್ತದೆ, ನೀವಿರುವ ದೇಶದ ಸಂಖ್ಯೆಗೆ ಅದೇ ಕರೆ ಮಾಡುತ್ತದೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಗುಂಡಿಯನ್ನು ಐದು ಸಲ ಬೇಗಬೇಗ ಒತ್ತಬೇಕು. ಆದರೆ ಇಲಾಖೆಗೊಂದು ಸಂಖ್ಯೆ ಇರುವ ದೇಶದಲ್ಲಿ ಫೋನಿಗೆ ನಿಮ್ಮ ಆಪತ್ತು ಯಾವುದೆಂದು ಗೊತ್ತಾಗುವುದಿಲ್ಲ. ಚೀನಾದಲ್ಲಿ ಐಫೋನು ಪೊಲೀಸೋ, ಬೆಂಕಿಯೋ, ಆಂಬುಲೆನ್ಸೋ ಎಂದು ನಿಮ್ಮನ್ನೇ ಕೇಳುತ್ತದೆ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಕರೆ ಹೋಗಬೇಕಾದ ಸಂಖ್ಯೆಯನ್ನು ಸೆಟ್ಟಿಂಗ್ಸ್‌ನಲ್ಲಿ ನಾವೇ ಬದಲಿಸಿಟ್ಟುಕೊಳ್ಳಬಹುದು. ಹಿಂದೆ ಎಂದೋ ಮನೆಯವರ ನಂಬರು ಹಾಕಿದ್ದರೆ ಗುಂಡಿ ಒತ್ತಿದಾಗ ಅಲ್ಲಿಗೇ ಹೋಗುತ್ತದೆ. ಹೊರಡುವ ಮುನ್ನ ‘ಸೇಫ್ಟಿ ಅಂಡ್ ಎಮರ್ಜೆನ್ಸಿ’ ಪುಟ ತೆರೆದು ನೋಡಿ. ಅಲ್ಲೇ ವೈದ್ಯಕೀಯ ಮಾಹಿತಿಯನ್ನೂ ತುಂಬಿಸಿದರೆ ಲಾಕ್ ತೆಗೆಯದೆಯೇ ಬೇರೆಯವರು ಓದಬಹುದು.

ಪ್ರಶ್ನೆ: ರೋಮಿಂಗ್ ಪ್ಯಾಕ್ ಹಾಕಿಸಿಲ್ಲ, ಬ್ಯಾಲೆನ್ಸ್ ಇಲ್ಲ, ಸ್ಥಳೀಯ ಸಿಮ್ ಇನ್ನೂ ಸಿಕ್ಕಿಲ್ಲ. ಆಗ ತುರ್ತು ಕರೆ ಹೋಗುತ್ತದೆಯೇ? ಇಂಟರ್ನೆಟ್‌ಗೆಂದು ಕೊಂಡ ಇ-ಸಿಮ್ ಇದ್ದರೆ ಸಾಕೇ?

ಉತ್ತರ: ಪ್ಯಾಕೂ ಬೇಡ, ಬ್ಯಾಲೆನ್ಸೂ ಬೇಡ. ಪರದೆಯ ಮೇಲೆ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಎಂದು ಕಂಡರೆ ಯಾವುದೋ ಟವರ್ ಸಿಕ್ಕಿದೆ ಎಂದೇ ಅರ್ಥ. ಲಾಕ್ ಆದ ಪರದೆಯ ಕೆಳತುದಿಯಲ್ಲಿರುವ ‘ಎಮರ್ಜೆನ್ಸಿ’ ಒತ್ತಿ ಸಂಖ್ಯೆ ಹಾಕಬಹುದು.

ಸಿಮ್ ಮಾತ್ರ ಫೋನಿನೊಳಗೇ ಇರಬೇಕು. ಬಿಲ್ ಬಂದೀತೆಂದು ಊರಿನ ಸಿಮ್ ಕಿತ್ತು ಪರ್ಸಿನಲ್ಲಿಟ್ಟುಕೊಳ್ಳುವುದು ತಪ್ಪು. ಸಿಮ್ಮೇ ಇಲ್ಲದ ಫೋನಿನಿಂದ ಬಂದ ತುರ್ತು ಕರೆಯನ್ನು ಅಮೆರಿಕದ ಕಂಪನಿಗಳು ಮುಂದಕ್ಕೆ ಕಳಿಸಲೇಬೇಕೆಂಬ ನಿಯಮವಿದೆ. ಬ್ರಿಟನ್, ಫ್ರಾನ್ಸ್, ಜರ್ಮನಿಗಳಲ್ಲಿ ಅಂಥ ಕರೆ ಹೋಗುವುದಿಲ್ಲ. ಹುಡುಗಾಟದ ಕರೆಗಳ ಕಾಟ ತಾಳಲಾರದೆ ಜರ್ಮನಿ 2009ರಲ್ಲಿ ಅದನ್ನು ನಿಲ್ಲಿಸಿತು. ಇನ್ನೊಂದು ತೊಡಕೂ ಇದೆ. ಸಿಮ್ ಇಲ್ಲದ ಫೋನು ಮಾನದಂಡದ ಪ್ರಕಾರ ತುರ್ತೆಂದು ಗುರುತಿಸುವುದು ಬೆರಳೆಣಿಕೆಯ ಸಂಖ್ಯೆಗಳನ್ನು: 112, 911, 999, 000, 08, 110, 118, 119. ಸಿಂಗಪುರದ 995 ಈ ಪಟ್ಟಿಯಲ್ಲಿಲ್ಲ. ಒಂದು ವೇಳೆ ಕರೆ ಹೋಗಿ ನಡುವೆ ಕಡಿದುಹೋದರೆ, ಸಿಮ್ ಇಲ್ಲದ ಫೋನಿಗೆ ಅವರು ತಿರುಗಿ ಕರೆ ಮಾಡಲಾರರು.

ಇಂಟರ್ನೆಟ್‌ಗೆ ಮಾತ್ರ ಇರುವ ಇ-ಸಿಮ್‌ಗೂ ಇದೇ ಕೊರತೆ. ಅದಕ್ಕೆ ದೂರವಾಣಿ ಸಂಖ್ಯೆಯೇ ಇರುವುದಿಲ್ಲ. ಆದ್ದರಿಂದ ಊರಿನ ಸಿಮ್ಮನ್ನು ಎರಡನೆಯ ಲೈನ್ ಆಗಿ ಚಾಲೂ ಇಡಿ, ಡೇಟಾ ರೋಮಿಂಗ್ ಮಾತ್ರ ಆರಿಸಿ.

ಹಳೆಯ ಫೋನ್ ಒಯ್ಯುವವರು ಗಮನಿಸಿ: ಅಮೆರಿಕದಲ್ಲಿ 2022ಕ್ಕೆ, ಆಸ್ಟ್ರೇಲಿಯಾದಲ್ಲಿ 2024ಕ್ಕೆ 3ಜಿ ಮುಗಿಯಿತು. ಈಗ ಅಲ್ಲಿ ಮಾತೂ 4ಜಿ ಮೇಲೆಯೇ ಹೋಗಬೇಕು. ‘ವಿಒಎಲ್‌ಟಿಇ’ (VoLTE) ಎಂದು ಕರೆಯುವ ಆ ಸೌಲಭ್ಯ ನಿಮ್ಮ ಫೋನಿನಲ್ಲಿ ಇಲ್ಲದಿದ್ದರೆ ಸಿಗ್ನಲ್ ಗೆರೆಗಳು ಪೂರ್ತಿ ಕಂಡರೂ ಕರೆ ಬೀಳದೆ ಹೋಗಬಹುದು.

ಪ್ರಶ್ನೆ: ಹೋಟೆಲ್ ಕೋಣೆಯಲ್ಲಿದ್ದಾಗ ಆಪತ್ತು ಬಂದರೆ ಕೋಣೆಯ ಫೋನಿನಿಂದ ಮಾಡಬಹುದೇ? ವಾಟ್ಸ್‌ಆ್ಯಪ್‌ನಿಂದ ಆಗುತ್ತದೆಯೇ?

ಉತ್ತರ: ವಾಟ್ಸ್‌ಆ್ಯಪ್‌ನಿಂದ ತುರ್ತು ಸಂಖ್ಯೆಗೆ ಕರೆ ಮಾಡಲಾಗುವುದಿಲ್ಲ. ವೈ-ಫೈ ಕಾಲಿಂಗ್ ಮೂಲಕ ಹೋಗುವ ಕರೆಯಲ್ಲಿ ನೀವಿರುವ ಜಾಗ ತಪ್ಪಾಗಿ ಕಾಣುವ ಸಂಭವವಿದೆ, ವಿಳಾಸವನ್ನು ಬಾಯಿಬಿಟ್ಟು ಹೇಳಿ.

ಕೋಣೆಯ ಫೋನಿನಲ್ಲಿ ಹೊರಗಿನ ಲೈನಿಗೆ ಮೊದಲು 9 ಅಥವಾ 0 ಒತ್ತಬೇಕಾದ ಹೋಟೆಲುಗಳಿವೆ. 2013ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಮಾರ್ಷಲ್ ಎಂಬ ಊರಿನ ಹೋಟೆಲಿನಲ್ಲಿ ತಾಯಿಯ ಮೇಲೆ ಹಲ್ಲೆಯಾಗುತ್ತಿದ್ದಾಗ ಒಂಬತ್ತು ವರ್ಷದ ಮಗಳು ನಾಲ್ಕು ಸಲ 911 ಒತ್ತಿದಳು. ಮೊದಲು 9 ಒತ್ತಬೇಕೆಂದು ಆ ಮಗುವಿಗೆ ತಿಳಿದಿರಲಿಲ್ಲ, ಕರೆ ಹೋಗಲಿಲ್ಲ, ತಾಯಿ ಉಳಿಯಲಿಲ್ಲ. ಆಕೆಯ ಹೆಸರಿನಲ್ಲೇ ಬಂದ ‘ಕ್ಯಾರಿ ಕಾನೂನು’ 2020ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಆ ದೇಶದಲ್ಲಿ ಹೊಸದಾಗಿ ಅಳವಡಿಸುವ ಇಂಥ ಫೋನುಗಳಲ್ಲಿ ನೇರವಾಗಿ 911 ಹೋಗಲೇಬೇಕು. ಹಳೆಯ ವ್ಯವಸ್ಥೆಗಳಿಗೆ, ಬೇರೆ ದೇಶಗಳ ಹೋಟೆಲುಗಳಿಗೆ ಈ ಕಾನೂನು ಅನ್ವಯಿಸುವುದಿಲ್ಲ. ಕೋಣೆಗೆ ಕಾಲಿಟ್ಟ ಕೂಡಲೇ ಫೋನಿನ ಮೇಲಿನ ಸೂಚನೆ ಓದಿ. ಜೊತೆಯಲ್ಲಿ ಮಕ್ಕಳಿದ್ದರೆ ಅವರಿಗೂ ಒತ್ತಿ ತೋರಿಸದೆ, ಬಾಯಲ್ಲೇ ಹೇಳಿಕೊಡಿ. ಆಪತ್ತಿನಲ್ಲಿ ಮೊದಲು ತುರ್ತು ಸಂಖ್ಯೆ, ಆಮೇಲೆ ರಿಸೆಪ್ಷನ್. ಬಂದವರಿಗೆ ಲಿಫ್ಟ್ ಹಿಡಿದು ಕೋಣೆ ತೋರಿಸಲು ರಿಸೆಪ್ಷನ್‌ನವರು ಬೇಕು.

ಪ್ರಶ್ನೆ: ನನಗೆ ಅಷ್ಟಾಗಿ ಇಂಗ್ಲಿಷ್ ಬಾರದು. ಆ ಕಡೆಯವರು ಏನೇನು ಕೇಳುತ್ತಾರೆ, ಏನೆಂದು ಹೇಳಬೇಕು?

ಉತ್ತರ: ವ್ಯಾಕರಣ ಬೇಡ, ಮೂರು ವಿಷಯ ಬೇಕು: ಯಾವ ಸಹಾಯ, ಎಲ್ಲಿ, ಏನಾಗಿದೆ. ಇದರಲ್ಲಿ ‘ಎಲ್ಲಿ’ ಎಲ್ಲಕ್ಕಿಂತ ಮುಖ್ಯ. ಜಾಗ ಹೇಳಿದ ಮೇಲೆ ಲೈನ್ ಕಡಿದುಹೋದರೂ ಗಾಡಿ ಹೊರಡುತ್ತದೆ. ಕಾಯಿಲೆಯನ್ನೆಲ್ಲ ವಿವರಿಸಿ ಜಾಗ ಹೇಳುವ ಮುನ್ನ ಕಡಿದುಹೋದರೆ ಯಾರಿಗೂ ಏನೂ ಮಾಡಲಾಗದು.

ಬ್ರಿಟನ್ ಮತ್ತು ಆಸ್ಟ್ರೇಲಿಯಾದಲ್ಲಿ ಮೊದಲು ಎತ್ತುವವರು ಯಾವ ಸೇವೆ ಬೇಕೆಂದಷ್ಟೇ ಕೇಳುತ್ತಾರೆ. ‘ಆಂಬುಲೆನ್ಸ್’ ಎಂಬ ಒಂದೇ ಪದ ಹೇಳಿ ಕಾಯಿರಿ, ಲೈನು ದಾಟಿಸುತ್ತಾರೆ. ಆ ಮೌನದಲ್ಲಿ ಕರೆ ಕಡಿಯಿತೆಂದು ಇಟ್ಟುಬಿಡುವವರಿದ್ದಾರೆ, ಇಡಬೇಡಿ. ಜಪಾನಿನಲ್ಲಿ 119 ಒತ್ತಿದರೆ ‘ಕಾಜಿ ದೆಸ್ ಕಾ, ಕ್ಯೂಕ್ಯೂ ದೆಸ್ ಕಾ’ ಎಂಬ ಪ್ರಶ್ನೆ ಕೇಳಿಸುತ್ತದೆ. ಬೆಂಕಿಯೋ, ಆಂಬುಲೆನ್ಸೋ ಎಂದು ಅರ್ಥ. ರೋಗಿಯಿದ್ದರೆ ‘ಕ್ಯೂಕ್ಯೂ’, ಬೆಂಕಿಯಿದ್ದರೆ ‘ಕಾಜಿ’ ಎನ್ನಿ. ಫ್ರಾನ್ಸ್‌ನ 15ರಲ್ಲಿ ವೈದ್ಯರೇ ಲೈನಿಗೆ ಬಂದು ಪ್ರಶ್ನೆ ಕೇಳುವುದುಂಟು. ಇಷ್ಟು ಪ್ರಶ್ನೆ ಕೇಳುತ್ತಾ ತಡ ಮಾಡುತ್ತಿದ್ದಾರಲ್ಲ ಎಂದು ಸಿಟ್ಟಾಗಬೇಡಿ. ಒಬ್ಬರು ಕೇಳುತ್ತಿರುವಾಗಲೇ ಇನ್ನೊಬ್ಬರು ಗಾಡಿ ಕಳಿಸುವ ಕೆಲಸ ಮಾಡುವುದು ಹಲವು ಕೇಂದ್ರಗಳ ಪದ್ಧತಿ.

ಜಾಗದ ಗುರುತಿಗೆ ಸುತ್ತ ನೋಡಿ. ಹೆದ್ದಾರಿಯಲ್ಲಿ ರಸ್ತೆಯ ಸಂಖ್ಯೆ, ಕಿಲೋಮೀಟರ್ ಕಲ್ಲು, ಯಾವ ಊರಿನ ದಿಕ್ಕಿಗೆ ಹೋಗುತ್ತಿದ್ದಿರಿ, ಇವು ಮೂರೂ ಬೇಕು. ದಿಕ್ಕು ಹೇಳದಿದ್ದರೆ ಗಾಡಿ ಡಿವೈಡರ್‌ನ ಆಚೆ ಬದಿಗೆ ಬಂದು ನಿಂತು, ಮತ್ತೆ ಸುತ್ತಿ ಬರಬೇಕಾಗುತ್ತದೆ. ಜರ್ಮನಿಯ ಹೆದ್ದಾರಿ ಬದಿಯ ಗಿಡ್ಡ ಕಂಬಗಳ ಮೇಲೆ ಚಿಕ್ಕ ಕಪ್ಪು ಬಾಣವಿರುತ್ತದೆ. ಅದು ತೋರಿಸುವ ಕಡೆ ನಡೆದರೆ ತುರ್ತು ದೂರವಾಣಿ ಸಿಗುತ್ತದೆ, ಅಲ್ಲಿಂದ ಮಾತನಾಡಿದರೆ ನೀವೆಲ್ಲಿದ್ದೀರೆಂದು ಅವರಿಗೆ ತಾನಾಗಿ ತಿಳಿಯುತ್ತದೆ. ಜಪಾನಿನ ಬೀದಿಗಳಲ್ಲಿ ತಂಪು ಪಾನೀಯದ ಯಂತ್ರಗಳ ಮೇಲೆ ಆ ಜಾಗದ ವಿಳಾಸದ ಚೀಟಿ ಅಂಟಿಸಿರುತ್ತಾರೆ. ಏನೂ ಕಾಣದಿದ್ದರೆ ಮ್ಯಾಪ್ ತೆರೆದು ನೀಲಿ ಚುಕ್ಕೆಯ ಮೇಲೆ ಬೆರಳು ಒತ್ತಿ ಹಿಡಿಯಿರಿ, ಅಕ್ಷಾಂಶ ರೇಖಾಂಶ ಬರುತ್ತವೆ. ಒಂದೊಂದೇ ಅಂಕಿಯಾಗಿ ಓದಿ.

ಈಗ ಎಷ್ಟೋ ದೇಶಗಳಲ್ಲಿ ಫೋನು ತಾನಿರುವ ಜಾಗವನ್ನು ಕರೆಯ ಜೊತೆಗೇ ತುರ್ತು ಕೇಂದ್ರಕ್ಕೆ ಕಳಿಸುವ ‘ಎಎಂಎಲ್’ ಎಂಬ ಏರ್ಪಾಡಿದೆ. ಬೇರೆ ದೇಶದ ಸಿಮ್‌ನಲ್ಲಿ ಅದು ಕೈಕೊಡಬಹುದು. ನೆಚ್ಚಿಕೊಂಡು ಸುಮ್ಮನಿರಬೇಡಿ.

ಭಾಷೆ ತೊಡಕಾದರೆ ‘ಇಂಟರ್‌ಪ್ರಿಟರ್’ ಎಂದು ಕೇಳಿ, ನಿಮಗೆ ಬರುವ ಭಾಷೆಗಳ ಹೆಸರನ್ನೆಲ್ಲ ಹೇಳಿ. ಅನೇಕ ಕೇಂದ್ರಗಳು ದೂರವಾಣಿಯಲ್ಲೇ ದುಭಾಷಿಯನ್ನು ಸೇರಿಸಿಕೊಳ್ಳುತ್ತವೆ. ಅಕ್ಕಪಕ್ಕ ಸ್ಥಳೀಯರಿದ್ದರೆ ಸಂಖ್ಯೆ ಒತ್ತಿ ಫೋನನ್ನು ಅವರ ಕೈಗೆ ಕೊಟ್ಟುಬಿಡುವುದು ಎಲ್ಲಕ್ಕಿಂತ ಚುರುಕಾದ ದಾರಿ.

ಎಚ್ಚರ ತಪ್ಪಿ ಉಸಿರಾಡದೆ ಬಿದ್ದಿದ್ದರೆ ‘ನಾಟ್ ಬ್ರೀದಿಂಗ್’ ಎಂಬ ಎರಡು ಪದ ಮೊದಲೇ ಬರಲಿ, ಕರೆಯ ಗತಿಯೇ ಬದಲಾಗುತ್ತದೆ. ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಡಿ, ಎರಡೂ ಕೈ ಖಾಲಿ ಮಾಡಿಕೊಳ್ಳಿ. ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಅವರು ಲೈನಿನಲ್ಲಿದ್ದುಕೊಂಡು ಎಣಿಸಿಕೊಡುತ್ತಾರೆ.

ಪ್ರಶ್ನೆ: ಬೆಟ್ಟ ಹತ್ತುವ ಗುಂಪಿನವರು ನಾವು. ಟವರೇ ಇಲ್ಲದ ಕಡೆ ಏನು ಗತಿ?

ಉತ್ತರ: ಮೊದಲು ಎತ್ತರದ, ಬಯಲಾದ ದಿಬ್ಬಕ್ಕೆ ಹೋಗಿ ಪ್ರಯತ್ನಿಸಿ. ಕಣಿವೆಯ ತಳದಲ್ಲಿ ಸಿಗದ ಟವರ್ ನೂರು ಮೀಟರ್ ಮೇಲೆ ಸಿಗುವುದುಂಟು. ಐಫೋನ್ 14 ಮತ್ತು ನಂತರದವುಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಸೌಲಭ್ಯವಿದೆ, ಆದರೆ ಆಯ್ದ ದೇಶಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ, ಮೇಲೆ ತೆರೆದ ಆಕಾಶ ಬೇಕು. ದೂರದ ಚಾರಣವಾದರೆ ಆ ದೇಶದಲ್ಲಿ ಅನುಮತಿಯಿರುವ ತುರ್ತು ಬೀಕನ್ (ಆಪತ್ತಿನ ಸಂಕೇತ ಕಳಿಸುವ ಸಾಧನ) ಬಾಡಿಗೆಗೆ ಪಡೆಯುವುದೇ ಕ್ಷೇಮ.

ಆಲ್ಪ್ಸ್ ಪರ್ವತಕ್ಕೆ ಹೋಗುವವರು ಎರಡು ಸಂಖ್ಯೆ ಬರೆದುಕೊಳ್ಳಿ: ಆಸ್ಟ್ರಿಯಾದ ಪರ್ವತ ರಕ್ಷಣಾ ದಳ 140, ಸ್ವಿಟ್ಜರ್ಲೆಂಡ್‌ನ ಹೆಲಿಕಾಪ್ಟರ್ ರಕ್ಷಣಾ ಸಂಸ್ಥೆ ರೇಗಾ 1414. ಫೋನೇ ಇಲ್ಲವಾದರೆ ಸೀಟಿ ಅಥವಾ ಟಾರ್ಚ್: ಒಂದು ನಿಮಿಷದಲ್ಲಿ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು ಸಲ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಉತ್ತರಿಸುತ್ತಾರೆ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಫೋನನ್ನು ಬೆನ್ನಚೀಲದಲ್ಲಿಡದೆ ಮೈಗೆ ತಾಗಿದ ಒಳಜೇಬಿನಲ್ಲಿಡಿ.

ಪ್ರಶ್ನೆ: ನನಗೆ ಕಿವಿ ಕೇಳಿಸುವುದಿಲ್ಲ. ಒಬ್ಬಳೇ ಪ್ರಯಾಣ ಮಾಡುತ್ತೇನೆ. ಸಂದೇಶ ಕಳಿಸಿ ಸಹಾಯ ಕೇಳಬಹುದೇ?

ಉತ್ತರ: ಕೆಲವು ದೇಶಗಳಲ್ಲಿ ಹೌದು, ಆದರೆ ಸಿದ್ಧತೆ ಬೇಕು. ಫ್ರಾನ್ಸ್‌ನಲ್ಲಿ 114ಕ್ಕೆ ಎಸ್‌ಎಂಎಸ್ ಕಳಿಸಬಹುದು. ಬ್ರಿಟನ್‌ನಲ್ಲಿ 999ಕ್ಕೆ ‘ರಿಜಿಸ್ಟರ್’ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕಳಿಸಿ ಮೊದಲೇ ನೋಂದಾಯಿಸಿರಬೇಕು, ಆಪತ್ತು ಬಂದಾಗ ನೋಂದಾಯಿಸಹೊರಟರೆ ಹೊತ್ತು ಹೋಗುತ್ತದೆ. ಅಮೆರಿಕದಲ್ಲಿ 911ಕ್ಕೆ ಸಂದೇಶ ಹಲವು ಕಡೆ ಸಲ್ಲುತ್ತದೆ, ಎಲ್ಲ ಕಡೆ ಇಲ್ಲ. ಸಲ್ಲದ ಜಾಗದಲ್ಲಿ ‘ಇಲ್ಲಿ ಸೌಲಭ್ಯವಿಲ್ಲ’ ಎಂಬ ಉತ್ತರ ಬರುತ್ತದೆ. ಹೊರದೇಶದ ಸಿಮ್‌ನಿಂದ ಇಂಥ ಚಿಕ್ಕ ಸಂಖ್ಯೆಗಳಿಗೆ ಸಂದೇಶ ತಲುಪುತ್ತದೆಂದು ನೆಚ್ಚಬೇಡಿ. ನಿಮ್ಮ ಮಟ್ಟಿಗೆ ಸ್ಥಳೀಯ ಸಿಮ್ ಅನಿವಾರ್ಯ. ಹೋಟೆಲಿಗೆ ಹೋದ ದಿನವೇ ರಿಸೆಪ್ಷನ್‌ನವರಿಗೆ ತಿಳಿಸಿ, ಬೆಂಕಿಯ ಗಂಟೆ ನಿಮಗೆ ಕೇಳಿಸದೆಂಬುದು ಅವರಿಗೆ ಗೊತ್ತಿರಬೇಕು.

ಪ್ರಶ್ನೆ: ಮಗ ಬೇರೆ ದೇಶದಲ್ಲಿ ಒಬ್ಬನೇ ಇದ್ದಾನೆ. ವಿಡಿಯೊ ಕರೆಯಲ್ಲಿ ಮಾತನಾಡುತ್ತಿರುವಾಗಲೇ ಅವನಿಗೆ ಏನಾದರೂ ಆದರೆ ನಾವು ಇಲ್ಲಿಂದ ಅಲ್ಲಿನ ತುರ್ತು ಸಂಖ್ಯೆಗೆ ಮಾಡಬಹುದೇ?

ಉತ್ತರ: ಮಾಡಲಾಗದು. ಮೂರಂಕಿಯ ಸಂಖ್ಯೆಗಳು ಆಯಾ ದೇಶದ ಒಳಗಷ್ಟೇ ಸಲ್ಲುತ್ತವೆ. ನೀವು 911 ಒತ್ತಿದರೆ ಹೋಗುವುದು ನೀವಿರುವ ದೇಶದ ತುರ್ತು ಕೇಂದ್ರಕ್ಕೆ, ಮಗನಿರುವ ದೇಶದ ಕೋಡ್ ಒತ್ತಿ ಆಮೇಲೆ 911 ಒತ್ತಿದರೂ ಅಲ್ಲಿಗೆ ತಲುಪದು. ಅದಕ್ಕೆ ಬೇಕಾದ್ದು ಮಗ ಇರುವ ಊರಿನ ಪೊಲೀಸ್ ಠಾಣೆಯ ಅಥವಾ ತುರ್ತು ಕೇಂದ್ರದ ಪೂರ್ಣ ಸಂಖ್ಯೆ. ಆ ಊರಿನ ಆಡಳಿತದ ಜಾಲತಾಣದಲ್ಲಿ ‘ನಾನ್ ಎಮರ್ಜೆನ್ಸಿ’ ಎಂಬ ತಲೆಬರಹದಡಿ ಹುಡುಕಿ. ಆ ಸಂಖ್ಯೆಯ ಮೊದಲಿಗೆ ಕೂಡಿಸುವ ಗುರುತು (+) ಮತ್ತು ದೇಶದ ಕೋಡ್ ಸೇರಿಸಿ ಈಗಲೇ ಉಳಿಸಿಕೊಳ್ಳಿ. ಜೊತೆಗೆ ಅವನ ಮನೆಯ ಪೂರ್ಣ ವಿಳಾಸ, ಮಹಡಿ, ಬಾಗಿಲಿನ ಸಂಖ್ಯೆ, ಕಟ್ಟಡದ ಹೊರಬಾಗಿಲಿಗೆ ಕೋಡ್ ಇದ್ದರೆ ಅದು, ಪಕ್ಕದ ಮನೆಯವರ ಅಥವಾ ಸಹೋದ್ಯೋಗಿಯ ಫೋನ್ ಸಂಖ್ಯೆ ಇರಲಿ. ಬಹಳ ಸಲ ಪಕ್ಕದ ಮನೆಯವರು ಅಲ್ಲಿಂದಲೇ ತುರ್ತು ಸಂಖ್ಯೆ ಒತ್ತುವುದು ನಿಮ್ಮ ಕರೆಗಿಂತ ಬೇಗ ಆಗುತ್ತದೆ.

ಪ್ರಶ್ನೆ: ಪಾಸ್‌ಪೋರ್ಟ್ ಕಳೆದರೆ ತುರ್ತು ಸಂಖ್ಯೆಗೆ ಮಾಡಬಹುದೇ? ರಾಯಭಾರ ಕಚೇರಿಗೆ ಮಾಡಬೇಕೇ? ಕರೆಗೆ, ಆಂಬುಲೆನ್ಸ್‌ಗೆ ದುಡ್ಡು ಕೊಡಬೇಕೇ?

ಉತ್ತರ: ಕಳ್ಳ ಇನ್ನೂ ಕಣ್ಣೆದುರಿಗಿದ್ದರೆ, ಯಾರಿಗಾದರೂ ಪೆಟ್ಟಾಗಿದ್ದರೆ ತುರ್ತು ಸಂಖ್ಯೆ. ಬರೀ ಕಳೆದುಹೋಗಿದ್ದರೆ ಠಾಣೆಗೆ ಹೋಗಿ ದೂರು ಕೊಟ್ಟು ಅದರ ಪ್ರತಿ ಪಡೆಯಿರಿ, ಅದಿಲ್ಲದೆ ರಾಯಭಾರ ಕಚೇರಿಯ ಕೆಲಸವೂ ವಿಮೆಯ ಕೆಲಸವೂ ಮುಂದೆ ಸಾಗುವುದು ಕಷ್ಟ. ಪ್ರವಾಸಿಗರಿಗೆಂದೇ ಸಂಖ್ಯೆ ಇರುವ ದೇಶಗಳಿವೆ: ಥಾಯ್ಲೆಂಡ್‌ನಲ್ಲಿ ಪ್ರವಾಸಿ ಪೊಲೀಸ್ 1155, ನೇಪಾಳದಲ್ಲಿ 1144, ಕೊರಿಯಾದ ಪ್ರವಾಸಿ ಸಹಾಯವಾಣಿ 1330. ತುರ್ತಲ್ಲದ ದೂರಿಗೆ ಬ್ರಿಟನ್ ಪೊಲೀಸರದು 101.

ರಾಯಭಾರ ಕಚೇರಿ ಆಂಬುಲೆನ್ಸ್ ಕಳಿಸುವುದಿಲ್ಲ, ಅದು ಎರಡನೆಯ ಕರೆ. ವಿಮಾ ಕಂಪನಿ ಮೂರನೆಯದು. ವಿಮಾ ಪತ್ರದ ಮೇಲಿನ ಉಚಿತ ಸಂಖ್ಯೆ ಬಹುತೇಕ ಹೊರದೇಶದಿಂದ ಹೋಗುವುದಿಲ್ಲ. ಹೊರದೇಶದಿಂದ ಮಾಡಬಹುದಾದ ಪೂರ್ಣ ಸಂಖ್ಯೆಯನ್ನು ಕಂಪನಿಯವರಿಂದ ಕೇಳಿ ಪಡೆದು ಚೀಟಿಯ ಕೊನೆಯ ಸಾಲಿನಲ್ಲಿ ಬರೆಯಿರಿ.

ತುರ್ತು ಕರೆ ಉಚಿತ. ಆಂಬುಲೆನ್ಸ್ ಬೇರೆ ಮಾತು: ಜಪಾನಿನಲ್ಲಿ ಉಚಿತ, ಅಮೆರಿಕ ಮತ್ತು ಸ್ವಿಟ್ಜರ್ಲೆಂಡ್‌ನಲ್ಲಿ ಬಿಲ್ ಬರುತ್ತದೆ. ಬಿಲ್ಲಿಗೆ ಹೆದರಿ ಎದೆನೋವಿನವರನ್ನು ಟ್ಯಾಕ್ಸಿಯಲ್ಲಿ ಕೂರಿಸಬೇಡಿ. ಟ್ಯಾಕ್ಸಿಯಲ್ಲಿ ಆಮ್ಲಜನಕವೂ ಇಲ್ಲ, ಎದೆಬಡಿತ ಮರಳಿಸುವ ಯಂತ್ರವೂ ಇಲ್ಲ.

ಪ್ರಶ್ನೆ: ಜೇಬಿನಲ್ಲಿದ್ದ ಫೋನಿನಿಂದ ತಪ್ಪಿ ತುರ್ತು ಕರೆ ಹೋಗಿಬಿಟ್ಟರೆ? ಗಾಬರಿಯಲ್ಲಿ ಕಡಿದುಹಾಕಬಹುದೇ?

ಉತ್ತರ: ಕಡಿಯಬೇಡಿ. ಕಡಿದರೆ ಯಾರೋ ಕಷ್ಟದಲ್ಲಿದ್ದಾರೆಂದು ಭಾವಿಸಿ ತಿರುಗಿ ಕರೆ ಮಾಡುತ್ತಾರೆ, ಉತ್ತರವಿಲ್ಲದಿದ್ದರೆ ಕೆಲವೆಡೆ ಗಾಡಿಯನ್ನೇ ಕಳಿಸುತ್ತಾರೆ. ಲೈನಿನಲ್ಲಿದ್ದು ‘ಸಾರಿ, ಮಿಸ್ಟೇಕ್, ನೋ ಎಮರ್ಜೆನ್ಸಿ’ ಎಂದರೆ ಮುಗಿಯಿತು, ನಿಜವಾದ ತಪ್ಪಿಗೆ ಯಾರೂ ಬಯ್ಯುವುದಿಲ್ಲ. ಮಾತನಾಡಿದರೆ ಅಪಾಯ ಎನ್ನುವ ಸ್ಥಿತಿ ಇದಕ್ಕೆ ತೀರ ಉಲ್ಟಾ. ಬ್ರಿಟನ್‌ನಲ್ಲಿ ಮೊಬೈಲಿನಿಂದ 999 ಒತ್ತಿ ಸುಮ್ಮನಿದ್ದರೆ ಕೆಮ್ಮಿ ಅಥವಾ ಪರದೆ ತಟ್ಟಿ ಸದ್ದು ಮಾಡಲು ಹೇಳುತ್ತಾರೆ, ಅದೂ ಆಗದಿದ್ದರೆ ಧ್ವನಿಮುದ್ರಿತ ಸೂಚನೆ ಬಂದಾಗ 55 ಒತ್ತಬೇಕು, ಆಗ ಪೊಲೀಸರಿಗೆ ದಾಟಿಸುತ್ತಾರೆ. ಆಸ್ಟ್ರೇಲಿಯಾದ 000ರಲ್ಲೂ 55ರ ಪದ್ಧತಿ ಇದೆ. ಸೂಚನೆ ಕೇಳುವ ಮುನ್ನವೇ 55 ಒತ್ತಿದರೆ ಪ್ರಯೋಜನವಿಲ್ಲ.